ಟವರಿನ ಕುರ್ಚಿಯಿಂದ ಏನು ಕಾಣುತ್ತದೆ?

1991ರ ಫೆಬ್ರುವರಿ 1. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಆರು ದಾಟಿ ಕತ್ತಲು ಕವಿಯುತ್ತಿದ್ದ ಹೊತ್ತು. ಅಲ್ಲಿನ ವಿಮಾನ ನಿಲ್ದಾಣದ ‘24 ಲೆಫ್ಟ್’ ರನ್‌ವೇ ಮೇಲೆ ಪುಟ್ಟದೊಂದು ಮೆಟ್ರೊಲೈನರ್ ವಿಮಾನ ಹಾರಲು ಅನುಮತಿಗೆ ಕಾಯುತ್ತ ನಿಂತಿತ್ತು. ನಿಂತದ್ದು ರನ್‌ವೇಯ ತುದಿಯಲ್ಲಲ್ಲ. ಸ್ವಲ್ಪ ಮುಂದೆ, ಟ್ಯಾಕ್ಸಿವೇ ಬಂದು ಕೂಡುವ ಜಾಗದಲ್ಲಿ. ಅಲ್ಲಿ ನಿಲ್ಲುವಂತೆ ಹೇಳಿದ್ದ ಟವರಿನ ನಿಯಂತ್ರಕಿ, ರೇಡಿಯೊದಲ್ಲಿ ಒಂದರ ಮೇಲೊಂದು ಬರುತ್ತಿದ್ದ ಕರೆಗಳ ನಡುವೆ ಅದನ್ನು ಮರೆತರು. ಅದೇ ರನ್‌ವೇಗೆ ಇಳಿಯಲು ಬೋಯಿಂಗ್ 737 ಒಂದಕ್ಕೆ ಒಪ್ಪಿಗೆ ಕೊಟ್ಟರು. ಇಳಿಯುತ್ತಿದ್ದ ಪೈಲಟ್‌ಗಳಿಗೂ ಮುಂದಿದ್ದ ವಿಮಾನ ಕಾಣಲಿಲ್ಲ. ಅದರ ದೀಪ ರನ್‌ವೇಯ ದೀಪಗಳ ಸಾಲಿನಲ್ಲಿ ಬೆರೆತುಹೋಗಿತ್ತು. ಡಿಕ್ಕಿಯಲ್ಲಿ 35 ಮಂದಿ ಸತ್ತರು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಆ ಒಬ್ಬ ನಿಯಂತ್ರಕಿಯ ಮೇಲೆ ಎಲ್ಲ ಹೊಣೆ ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುವ ಏರ್ಪಾಡನ್ನೇ ಟವರಿನ ಆಡಳಿತ ಮಾಡಿರಲಿಲ್ಲ ಎಂದಿತು. ನೆಲದ ಮೇಲಿನ ವಿಮಾನಗಳನ್ನು ತೋರಿಸಬೇಕಿದ್ದ ರೇಡಾರ್ ಆ ದಿನ ಕೆಟ್ಟಿತ್ತು. ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುತ್ತದೆ: ಟವರಿನಿಂದ ಆ ಜಾಗದ ಕಡೆ ನೋಡಿದರೆ ನಡುವೆ ಟರ್ಮಿನಲ್ 2ರ ಬಳಿಯ ದೀಪಗಳ ಪ್ರಖರ ಬೆಳಕು ಅಡ್ಡಬರುತ್ತಿತ್ತು. ಆ ಬೆಳಕಿನಾಚೆ ನಿಂತ ಸಣ್ಣ ವಿಮಾನವನ್ನು ಗುರುತಿಸುವುದು ಕಷ್ಟವಾಗಿತ್ತು. ಎಂಜಿನಿಯರ್ ಹಾಳೆಯ ಮೇಲೆ ದೀಪದ ಕಂಬವೆಂದರೆ ಒಂದು ಚುಕ್ಕೆ. ಟವರಿನ ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಅದೇ ಒಂದು ಪರದೆಯಾಗಬಹುದು ಎಂಬುದು ಹಾಳೆ ನೋಡಿದವರಿಗೆ ಹೊಳೆಯುವುದಿಲ್ಲ.

ವಿಮಾನ ನಿಲ್ದಾಣವನ್ನೂ ಅದರ ಮೇಲಿನ ಆಕಾಶವನ್ನೂ ಕಂಪ್ಯೂಟರಿನೊಳಗೆ ಉದ್ದ, ಅಗಲ, ಎತ್ತರಗಳ ಸಮೇತ ಕಟ್ಟಿ, ಅಲ್ಲಿ ವಿಮಾನಗಳನ್ನು ಓಡಿಸಿ ನೋಡುವ ವಿದ್ಯೆಗೆ ಬೆಲೆ ಬರುವುದು ಇಲ್ಲಿ. ಅದನ್ನು ತ್ರೀಡಿ ಸಿಮ್ಯುಲೇಶನ್ ಎಂದು ಕರೆದು, ಸಿನಿಮಾದ ಗ್ರಾಫಿಕ್ಸ್ ಸಾಲಿಗೆ ಸೇರಿಸಿ ನಾವು ಮುಂದೆ ಹೋಗಿಬಿಡುತ್ತೇವೆ. ಅದು ಚಂದವಾಗಿದೆಯೇ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಆ ಚಿತ್ರವನ್ನು ಯಾರ ಕಣ್ಣಿನಿಂದ ತೆಗೆಯಲಾಗಿದೆ ಎಂದು.

ವಿಮಾನ ಸಂಚಾರದ ಸಿಮ್ಯುಲೇಶನ್‌ನಲ್ಲಿ ಎರಡು ಬಗೆಯಿದೆ. ಮೊದಲನೆಯದು ಬಿರುಗಾಲದ್ದು. ಅಮೆರಿಕದ ಸಿಮ್‌ಮಾಡ್, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಟಾಮ್, ಈಚಿನ ಏರ್‌ಟಾಪ್‌ನಂಥ ತಂತ್ರಾಂಶಗಳಿಗೆ ಒಂದು ದಿನದ ವೇಳಾಪಟ್ಟಿ, ರನ್‌ವೇ, ಟ್ಯಾಕ್ಸಿವೇ, ಗೇಟುಗಳ ವಿವರ ಕೊಟ್ಟರೆ ಇಡೀ ದಿನವನ್ನು ನಿಮಿಷಗಳಲ್ಲಿ ಓಡಿಸಿ ತೋರಿಸುತ್ತವೆ. ಎಲ್ಲಿ ಸಾಲು ಬೆಳೆಯಿತು, ಎಷ್ಟು ನಿಮಿಷ ತಡವಾಯಿತು, ಎಷ್ಟು ಇಂಧನ ಸುಟ್ಟಿತು ಎಂಬ ಲೆಕ್ಕ ಸಿಗುತ್ತದೆ. ಅಲ್ಲಿ ಮನುಷ್ಯರಿಲ್ಲ, ನಿಯಂತ್ರಕನ ಜಾಗದಲ್ಲಿ ನಿಯಮಗಳಿವೆ. ಎರಡನೆಯದರಲ್ಲಿ ಗಡಿಯಾರ ನಿಜವಾದ ವೇಗದಲ್ಲೇ ನಡೆಯುತ್ತದೆ, ನಿಜವಾದ ನಿಯಂತ್ರಕರು ಮೈಕು ಹಿಡಿದು ಕೂರುತ್ತಾರೆ. ಬೇರೊಂದು ಕೋಣೆಯಲ್ಲಿ ಕೂತ ‘ಸೂಡೊ ಪೈಲಟ್’ಗಳು ಅವರ ಆದೇಶ ಕೇಳಿ, ಮರುನುಡಿದು, ಕೀಲಿಮಣೆಯಿಂದ ವಿಮಾನಗಳನ್ನು ನಡೆಸುತ್ತಾರೆ. ಮೊದಲನೆಯದಕ್ಕೆ ಚಿತ್ರ ಬೇಕೇಬೇಕೆಂದಿಲ್ಲ, ಅಂಕಿಅಂಶದ ಕೋಷ್ಟಕವೇ ಸಾಕು. ಎರಡನೆಯದಕ್ಕೆ ಚಿತ್ರವೇ ಜೀವ.

ಈ ಎರಡನೆಯ ಬಗೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಮೊಫೆಟ್ ಫೀಲ್ಡ್‌ನಲ್ಲಿರುವ ನಾಸಾದ ಏಮ್ಸ್ ಕೇಂದ್ರ. ಅಲ್ಲಿ 1999ರ ಡಿಸೆಂಬರ್‌ನಲ್ಲಿ ‘ಫ್ಯೂಚರ್‌ಫ್ಲೈಟ್ ಸೆಂಟ್ರಲ್’ ಎಂಬ ಎರಡು ಅಂತಸ್ತಿನ ಪ್ರಯೋಗಾಲಯ ತೆರೆಯಿತು. ಮೇಲಿನದು ಟವರಿನ ಕೋಣೆ. ನಿಜವಾದ ಟವರಿನಲ್ಲಿ ಗಾಜು ಇರುವ ಕಡೆ ಇಲ್ಲಿ ಸುತ್ತಲೂ 12 ಪರದೆಗಳು. ಹಿಂಬದಿಯಿಂದ ಪ್ರೊಜೆಕ್ಟರುಗಳು ಚಿತ್ರ ಚೆಲ್ಲುತ್ತವೆ. ನಡುವೆ ನಿಂತು ಒಂದು ಸುತ್ತು ತಿರುಗಿದರೆ 360 ಡಿಗ್ರಿಯೂ ವಿಮಾನ ನಿಲ್ದಾಣವೇ. ಹಗಲು, ರಾತ್ರಿ, ಮಳೆ, ಮಂಜು ಯಾವುದು ಬೇಕೋ ಅದನ್ನು ತರಿಸಬಹುದು. ಕೆಳ ಅಂತಸ್ತಿನಲ್ಲಿ ಸೂಡೊ ಪೈಲಟ್‌ಗಳು.

ಅಲ್ಲಿ ನಡೆದ ಮೊದಲ ದೊಡ್ಡ ಕೆಲಸವೇ ಲಾಸ್ ಏಂಜಲೀಸ್‌ನದು. ಆ ನಿಲ್ದಾಣದಲ್ಲಿ ನಾಲ್ಕು ಸಮಾನಾಂತರ ರನ್‌ವೇಗಳಿವೆ, ಉತ್ತರಕ್ಕೆ ಎರಡು, ದಕ್ಷಿಣಕ್ಕೆ ಎರಡು. ಪ್ರತಿ ಜೋಡಿಯಲ್ಲೂ ಹೊರಗಿನದು ಇಳಿಯುವುದಕ್ಕೆ, ಟರ್ಮಿನಲ್‌ಗೆ ಹತ್ತಿರದ ಒಳಗಿನದು ಹಾರುವುದಕ್ಕೆ. ಹಾಗಾಗಿ ಇಳಿದ ಪ್ರತಿ ವಿಮಾನವೂ ಟರ್ಮಿನಲ್ ಸೇರಬೇಕಾದರೆ, ಇನ್ನೊಂದು ವಿಮಾನ ಹಾರಲು ಓಡುವ ರನ್‌ವೇಯನ್ನು ದಾಟಲೇಬೇಕು. ದಕ್ಷಿಣದ ಜೋಡಿಯಲ್ಲಿ ತೊಂದರೆ ಹೆಚ್ಚು: ವೇಗವಾಗಿ ಹೊರಳಿ ಬರುವ ವಿಮಾನ ಅಲ್ಪ ದೂರದಲ್ಲೇ ನಿಲ್ಲದಿದ್ದರೆ ಮೂಗು ಪಕ್ಕದ ರನ್‌ವೇಯೊಳಗೆ. ಅನುಮತಿಯಿಲ್ಲದೆ ರನ್‌ವೇಗೆ ನುಗ್ಗಿದ ಪ್ರಕರಣಗಳ ಪಟ್ಟಿಯಲ್ಲಿ ಆ ನಿಲ್ದಾಣದ ಹೆಸರು ದೇಶದಲ್ಲೇ ಮೇಲಿತ್ತು.

2001ರಲ್ಲಿ ಲಾಸ್ ಏಂಜಲೀಸ್ ಟವರಿನ ನಿಯಂತ್ರಕರನ್ನೇ ನಾಸಾ ತನ್ನಲ್ಲಿಗೆ ಕರೆಸಿಕೊಂಡಿತು. ಅಲ್ಲಿ ಅನುಸರಿಸಿದ ಕ್ರಮ ಮೆಚ್ಚಬೇಕಾದದ್ದು. ಹೊಸ ಯೋಜನೆಯನ್ನು ತಕ್ಷಣ ತೋರಿಸಲಿಲ್ಲ. ಮೊದಲು ಇರುವ ನಿಲ್ದಾಣವನ್ನು ಇರುವ ಹಾಗೆ ಪರದೆಯ ಮೇಲೆ ಕಟ್ಟಿ, ಅದೇ ದಟ್ಟಣೆ ಓಡಿಸಿ, ‘ಇದು ನೀವು ದಿನವೂ ನೋಡುವ ಜಾಗವೇ ಹೌದೇ?’ ಎಂದು ಅವರನ್ನು ಕೇಳಿತು. ಅವರು ಹೌದೆಂದ ಮೇಲೆಯೇ ಬದಲಾವಣೆಗಳ ಪರೀಕ್ಷೆ. ನಿಜವನ್ನು ತಪ್ಪಾಗಿ ತೋರಿಸುವ ಯಂತ್ರ ಭವಿಷ್ಯವನ್ನು ಸರಿಯಾಗಿ ತೋರಿಸಲಾರದು ಎಂಬ ಸರಳ ಎಚ್ಚರ ಅದರ ಹಿಂದಿತ್ತು. ಮುಂದಿನ ಹಂತದಲ್ಲಿ ಎರಡು ರನ್‌ವೇಗಳ ನಡುವೆ ಇನ್ನೊಂದು ಟ್ಯಾಕ್ಸಿವೇ ಹಾಕಿದರೆ ಹೇಗೆ ಎಂಬುದನ್ನೂ ಅಲ್ಲಿಯೇ ಓಡಿಸಿ ನೋಡಿದರು. ನಿಜವಾದ ನೆಲದ ಮೇಲೆ ದಕ್ಷಿಣದ ಹೊರ ರನ್‌ವೇಯನ್ನೇ 55 ಅಡಿ ಆಚೆಗೆ ಸರಿಸಿ ಮರುಕಟ್ಟಿ, ನಡುವೆ ಆ ಟ್ಯಾಕ್ಸಿವೇಗೆ ಜಾಗ ಮಾಡಿದರು. ಅದು ಮುಗಿದದ್ದು 2008ರಲ್ಲಿ. ಕಾಂಕ್ರೀಟ್ ಸುರಿಯುವ ಮೊದಲೇ ಆ ಟ್ಯಾಕ್ಸಿವೇಯ ಮೇಲೆ ನಿಯಂತ್ರಕರು ವಿಮಾನ ಓಡಿಸಿಯಾಗಿತ್ತು.

ಡಲ್ಲಾಸ್ ಫೋರ್ಟ್ ವರ್ತ್ ನಿಲ್ದಾಣದವರೂ 2003ರಲ್ಲಿ ನಾಸಾದ ಈ ಪ್ರಯೋಗಾಲಯಕ್ಕೆ ಬಂದರು. ರನ್‌ವೇ ದಾಟುವ ಗೊಡವೆಯೇ ಬೇಡ, ಅದರ ತುದಿಯನ್ನು ಸುತ್ತಿಕೊಂಡು ಹೋಗುವ ದಾರಿ ಮಾಡೋಣ ಎಂಬುದು ಅವರ ಆಲೋಚನೆ. ನಕ್ಷೆಯ ಮೇಲೆ ಇದರಲ್ಲಿ ಕುಂದೇ ಕಾಣುವುದಿಲ್ಲ. ಹಾರಲು ಓಡುತ್ತಿರುವ ಪೈಲಟ್‌ನ ಕಣ್ಣಿಗೆ ಮಾತ್ರ ಬೇರೆ ಕಥೆ: ಎದುರಿಗೆ ಅಡ್ಡ ಹಾಯುತ್ತಿರುವ ವಿಮಾನ ರನ್‌ವೇ ಮೇಲಿದೆಯೋ ಅದರಾಚೆಯ ಸುತ್ತುದಾರಿಯಲ್ಲಿದೆಯೋ ಎಂದು ಆ ಸೆಕೆಂಡುಗಳಲ್ಲಿ ಹೇಗೆ ತಿಳಿಯಬೇಕು? ಅಟ್ಲಾಂಟಾದಲ್ಲಿ 2007ರಲ್ಲಿ ಇಂಥದೇ ದಾರಿ ತೆರೆದಾಗ ಅದನ್ನು ರನ್‌ವೇಗಿಂತ ಸುಮಾರು 30 ಅಡಿ ತಗ್ಗಿನಲ್ಲಿ ಹಾಯಿಸಿದರು. ಸುತ್ತುದಾರಿಯ ವಿಮಾನವನ್ನು ಪೈಲಟ್‌ಗೆ ಮರೆಮಾಡಲು ಪಟ್ಟೆ ಬಳಿದ ತಡೆಪರದೆ ನಿಲ್ಲಿಸುವ ಪದ್ಧತಿಯೂ ಅಮೆರಿಕದಲ್ಲಿ ಬಂತು. ಮರೆಮಾಡುವುದೂ ಸುರಕ್ಷತೆಯ ಕೆಲಸವೇ ಎಂಬುದು ಕಣ್ಣಿನ ಎತ್ತರದಲ್ಲಿ ನಿಂತು ನೋಡಿದಾಗ ಮಾತ್ರ ತಿಳಿಯುವ ಮಾತು.

ಇಂಥ ಚಿತ್ರವನ್ನು ಪ್ರಾಮಾಣಿಕವಾಗಿ ಕಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಇಳಿಯಲು ಬರುತ್ತಿರುವ ಎ320 ವಿಮಾನ ರನ್‌ವೇಯಿಂದ 10 ನಾಟಿಕಲ್ ಮೈಲು, ಅಂದರೆ 18.5 ಕಿಲೋಮೀಟರ್ ದೂರದಲ್ಲಿದೆ. ಅದರ ರೆಕ್ಕೆಗಳ ಹರವು ಸುಮಾರು 36 ಮೀಟರ್, ಒಡಲಿನ ದಪ್ಪ 4 ಮೀಟರ್. ಪರದೆಯೊಂದು 30 ಡಿಗ್ರಿ ನೋಟವನ್ನು 1,920 ಪಿಕ್ಸೆಲ್‌ಗಳಲ್ಲಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಇಡೀ ರೆಕ್ಕೆಯ ಹರವಿಗೆ ಸಿಗುವುದು ಏಳು ಪಿಕ್ಸೆಲ್. ಒಡಲಿಗೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಸಿಗುವುದಿಲ್ಲ. ನಿಜವಾದ ಟವರಿನಲ್ಲಿ ಕೂತವರಿಗೆ ಅಷ್ಟು ದೂರದ ವಿಮಾನದ ಆಕಾರವಲ್ಲ, ಅದರ ಲ್ಯಾಂಡಿಂಗ್ ಲೈಟು ಮೊದಲು ಮಿನುಗುತ್ತದೆ. ಅನುಭವಿಗಳು ಆ ಮಿನುಗನ್ನು ನೋಡಿಯೇ ಸಾಲು ಎಣಿಸುತ್ತಾರೆ. ಪರದೆಯಲ್ಲಿ ಆ ಬೆಳಕು ಒಂದು ಪಿಕ್ಸೆಲ್ಲಿನಿಂದ ಇನ್ನೊಂದಕ್ಕೆ ಜಿಗಿಯುತ್ತ, ಕೆಲವೊಮ್ಮೆ ಮಾಯವಾಗುತ್ತ ಬರುತ್ತದೆ. ಅದಕ್ಕಾಗಿ ಚಿತ್ರ ಕಟ್ಟುವವರು ದೀಪಗಳನ್ನು ವಿಮಾನದ ಆಕೃತಿಯಿಂದ ಬೇರ್ಪಡಿಸಿ, ಅವುಗಳ ಹೊಳಪನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ ಬಿಡಿಸುತ್ತಾರೆ. ಕೆಲವರು ದೂರದ ವಿಮಾನವನ್ನು ಬೇಕೆಂದೇ ಸ್ವಲ್ಪ ಹಿಗ್ಗಿಸುತ್ತಾರೆ. ಕಣ್ಣಿಗೆ ನಿಜವೆನಿಸಲು ಅಳತೆಯಲ್ಲಿ ಸುಳ್ಳು ಹೇಳಬೇಕಾದ ಸಂದರ್ಭ ಇದು. ಹಾಗೆ ಹೇಳುವಾಗ ಎಷ್ಟು ಹಿಗ್ಗಿಸಿದ್ದೇವೆ ಎಂದು ಬರೆದಿಡುವುದು ಆ ಕಸುಬಿನ ಧರ್ಮ ಎಂದು ನಾನು ನಂಬುತ್ತೇನೆ.

ಟವರನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬ ತೀರ್ಮಾನಕ್ಕೂ ಈ ವಿದ್ಯೆ ಬೇಕು. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಬಳಿ ಅಮೆರಿಕದ ವಿಮಾನಯಾನ ಆಡಳಿತಕ್ಕೆ ಇದಕ್ಕೆಂದೇ ಒಂದು ಪ್ರಯೋಗಾಲಯವಿದೆ. ನಿಯಂತ್ರಕರು ಅಲ್ಲಿ ಕೂತು, ಇನ್ನೂ ಕಟ್ಟದ ಟವರನ್ನು ಪರದೆಯ ಮೇಲೆ ಅತ್ತಿತ್ತ ಸರಿಸಿ, ಎತ್ತರಿಸಿ, ತಗ್ಗಿಸಿ ನೋಡುತ್ತಾರೆ. ಅವರ ಒಂದು ಅಳತೆಗೋಲು: ಅತಿ ದೂರದ ರನ್‌ವೇ ತುದಿಯನ್ನು ನೋಡುವ ದೃಷ್ಟಿರೇಖೆ ನೆಲದೊಂದಿಗೆ ಕನಿಷ್ಠ 0.8 ಡಿಗ್ರಿ ಕೋನ ಮಾಡಬೇಕು. ಅದಕ್ಕಿಂತ ಕಡಿಮೆಯಾದರೆ ಎರಡು ಸಮಾನಾಂತರ ದಾರಿಗಳು ಒಂದರ ಮೇಲೊಂದು ಕೂತಂತೆ ಕಾಣುತ್ತವೆ, ವಿಮಾನ ಯಾವುದರ ಮೇಲಿದೆ ಎಂದು ತಿಳಿಯದು. ಆ ತುದಿ ಮೂರು ಕಿಲೋಮೀಟರ್ ದೂರವಿದ್ದರೆ ನಿಯಂತ್ರಕರ ಕಣ್ಣು ನೆಲದಿಂದ ಸುಮಾರು 42 ಮೀಟರ್ ಮೇಲಿರಬೇಕಾಗುತ್ತದೆ. ಅಷ್ಟಾದರೂ ಮರೆಗಳು ತಪ್ಪುವುದಿಲ್ಲ. 2022ರ ಅಕ್ಟೋಬರ್‌ನಿಂದ ದುಬೈ–ಬೆಂಗಳೂರು ನಡುವೆ ಹಾರುತ್ತಿರುವ ಎ380ರ ಬಾಲ 24 ಮೀಟರ್ ಎತ್ತರ. 42 ಮೀಟರ್ ಎತ್ತರದ ಟವರಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಅದು ನಿಂತರೆ ಆ ಬಾಲದ ಹಿಂದೆ ಆರೂವರೆ ನೂರು ಮೀಟರಿಗೂ ಉದ್ದದ ನೆಲದ ಪಟ್ಟಿ ಟವರಿಗೆ ಕಾಣುವುದಿಲ್ಲ. ಇಂಥ ಮರೆಯ ಪಟ್ಟಿಗಳು ದಿನದ ಯಾವ ಹೊತ್ತಿನಲ್ಲಿ ಎಲ್ಲಿ ಬೀಳುತ್ತವೆ ಎಂಬುದನ್ನು ಮೂರು ಆಯಾಮದ ಮಾದರಿ ಕ್ಷಣದಲ್ಲಿ ತೋರಿಸುತ್ತದೆ.

ಇದೆಲ್ಲ ನೆಲದ ಮಾತಾಯಿತು. ಆಕಾಶಕ್ಕೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ತಪ್ಪಿಹೋಗುವುದು ಎತ್ತರ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ 747 ಮತ್ತು ಕಜಕಸ್ತಾನದ ಇಲ್ಯೂಶಿನ್ ವಿಮಾನಗಳು ಎದುರಾಬದುರಾಗಿ ಡಿಕ್ಕಿಯಾಗಿ 349 ಜನ ಸತ್ತರು. ಎರಡೂ ವಿಮಾನಗಳಲ್ಲಿ ಒಬ್ಬರೂ ಉಳಿಯಲಿಲ್ಲ. ದೆಹಲಿಯಿಂದ ಹೋಗುವ, ಬರುವ ವಿಮಾನಗಳಿಗೆ ಅಂದು ಒಂದೇ ದಾರಿ. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎಂದು ನಿಯಂತ್ರಕರು ಹಂಚಿದ್ದರು. ಇಳಿಯುತ್ತಿದ್ದ ವಿಮಾನ ತನಗೆ ಕೊಟ್ಟ ಎತ್ತರವನ್ನು ದಾಟಿ ಕೆಳಗೆ ಬಂತು. ದೆಹಲಿಯ ನಿಯಂತ್ರಕರ ಮುಂದಿದ್ದ ಪ್ರಾಥಮಿಕ ರೇಡಾರ್ ದೂರ ಮತ್ತು ದಿಕ್ಕನ್ನಷ್ಟೇ ತೋರಿಸುತ್ತಿತ್ತು. ಎತ್ತರ ಎಷ್ಟೆಂದು ಪೈಲಟ್ ಬಾಯಲ್ಲಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಎರಡು ಆಯಾಮದ ಪರದೆಯಲ್ಲಿ ಸುರಕ್ಷಿತವಾಗಿ ದಾಟುವ ಎರಡು ಚುಕ್ಕೆಗಳೂ ಡಿಕ್ಕಿಯಾಗಲಿರುವ ಎರಡು ಚುಕ್ಕೆಗಳೂ ಒಂದೇ ಥರ ಕಾಣುತ್ತವೆ. ಅದಾದ ಮೇಲೆಯೇ ಭಾರತದ ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾದದ್ದು, ಎತ್ತರ ತೋರುವ ರೇಡಾರ್‌ಗೆ ಅವಸರ ಬಂದದ್ದು.

ಹಾಗಾದರೆ ನಿಯಂತ್ರಕರ ಮುಂದೆ ಮೂರು ಆಯಾಮದ ಆಕಾಶವನ್ನೇ ಇಟ್ಟುಬಿಡಬಹುದಲ್ಲ? ಇಲ್ಲೊಂದು ತೊಡಕಿದೆ. ವಿಮಾನ ನಿಲ್ದಾಣದ ಸುತ್ತಲಿನ ಆಕಾಶದಲ್ಲಿ ಎರಡು ವಿಮಾನಗಳ ನಡುವೆ ಅಡ್ಡಕ್ಕೆ ಸಾಮಾನ್ಯವಾಗಿ 3 ನಾಟಿಕಲ್ ಮೈಲು, ಅಂದರೆ ಐದೂವರೆ ಕಿಲೋಮೀಟರ್ ಅಂತರವಿರಬೇಕು. ಅಥವಾ ಮೇಲೆ ಕೆಳಗೆ 1,000 ಅಡಿ, ಅಂದರೆ 300 ಮೀಟರ್. ಪ್ರತಿ ವಿಮಾನವೂ ತನ್ನ ಸುತ್ತ ಕಾವಲಿಯ ಮೇಲಿನ ದೋಸೆಯಂಥ ಅಗಲವಾದ, ತೆಳುವಾದ ಒಂದು ವಲಯವನ್ನು ಹೊತ್ತು ಹಾರುತ್ತದೆ. ಅದನ್ನು ನಿಜವಾದ ಅಳತೆಯಲ್ಲಿ ಬಿಡಿಸಿದರೆ ನೂರಾರು ಕಿಲೋಮೀಟರ್ ಹರವಿನ ಆಕಾಶದಲ್ಲಿ ಎತ್ತರದ ವ್ಯತ್ಯಾಸ ಕಾಣುವುದೇ ಇಲ್ಲ. ಕಾಣಲೆಂದು ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿದರೆ, ಮೂರು ಡಿಗ್ರಿಯ ನಿಧಾನ ಇಳಿಜಾರು ಘಾಟಿಯಷ್ಟು ಕಡಿದಾಗಿ ಕಾಣಿಸುತ್ತದೆ. ಜೊತೆಗೆ, ಓರೆಯಾಗಿ ನೋಡಿದ ಚಿತ್ರದಲ್ಲಿ ಒಂದು ವಿಮಾನ ಇನ್ನೊಂದಕ್ಕಿಂತ ಮೇಲಿದೆಯೋ ಅಥವಾ ಹಿಂದಿದೆಯೋ ಎಂಬ ಗೊಂದಲ ಹೋಗುವುದಿಲ್ಲ. ಕ್ರಿಸ್ಟೋಫರ್ ವಿಕೆನ್ಸ್‌ರಂಥ ಸಂಶೋಧಕರು ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಒಟ್ಟು ಆಕಾರ ಅರಿಯಲು ತ್ರೀಡಿ ಒಳ್ಳೆಯದು, ನಿಖರ ಅಂತರ ಅಳೆಯಲು ಚಪ್ಪಟೆ ಚಿತ್ರವೇ ಮೇಲು ಎಂಬುದು ಅಂಥ ಅಧ್ಯಯನಗಳಿಂದ ಮೂಡಿದ ತಿಳಿವಳಿಕೆ. ಅದಕ್ಕೇ ರೇಡಾರ್ ಕೋಣೆಯಲ್ಲಿ ಇಂದಿಗೂ ಚಪ್ಪಟೆ ಪರದೆ, ಪ್ರತಿ ಚುಕ್ಕೆಯ ಪಕ್ಕ ಅಂಕಿಯಲ್ಲಿ ಬರೆದ ಎತ್ತರ. ನಿಯಂತ್ರಕರು ಮೂರನೆಯ ಆಯಾಮವನ್ನು ತಲೆಯೊಳಗೆ ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿಕೊಳ್ಳುವುದನ್ನು ಹೊಸಬರಿಗೆ ಕಲಿಸುವಾಗ, ಹೊಸ ದಾರಿಗಳನ್ನು ಯೋಜಿಸುವಾಗ, ಅಪಘಾತವನ್ನು ಮರುಕಟ್ಟಿ ನೋಡುವಾಗ ತ್ರೀಡಿಗೆ ಸಾಟಿಯಿಲ್ಲ.

ಮರುಕಟ್ಟುವಾಗಲೂ ಎಚ್ಚರ ಬೇಕು. ನಿಲ್ದಾಣದ ಬಳಿಯ ರೇಡಾರ್ ವಿಮಾನದ ಸ್ಥಾನವನ್ನು ಹೇಳುವುದು ನಾಲ್ಕೈದು ಸೆಕೆಂಡಿಗೊಮ್ಮೆ. ಇಳಿಯಲು ಬರುವ ವಿಮಾನ ಅಷ್ಟರಲ್ಲಿ ಸುಮಾರು 300 ಮೀಟರ್ ಸಾಗಿರುತ್ತದೆ. ಪರದೆಯ ಮೇಲೆ ಅದು ಜಿಗಿಯದೆ ನುಣ್ಣಗೆ ತೇಲಬೇಕಾದರೆ ನಡುವಿನ ಪ್ರತಿ ಬಿಂದುವನ್ನೂ ಕಂಪ್ಯೂಟರ್ ಊಹಿಸಬೇಕು. ತಿರುವಿನಲ್ಲಿ ರೆಕ್ಕೆ ಎಷ್ಟು ವಾಲಿತು, ಮೂಗು ಎಷ್ಟು ಎತ್ತಿತ್ತು ಎಂಬುದನ್ನು ಸಾಮಾನ್ಯ ರೇಡಾರ್ ದಾಖಲೆ ಹೇಳುವುದಿಲ್ಲ. ಅದನ್ನೂ ವೇಗ ಮತ್ತು ದಿಕ್ಕಿನಿಂದ ಲೆಕ್ಕಹಾಕಿ ತುಂಬುತ್ತಾರೆ. ನೋಡುವವರಿಗೆ ದಾಖಲಾದದ್ದು ಯಾವುದು, ಊಹಿಸಿದ್ದು ಯಾವುದು ಎಂದು ತಿಳಿಯದು. ಚಿತ್ರ ನುಣುಪಾದಷ್ಟೂ ನಂಬಿಕೆ ಹೆಚ್ಚುತ್ತದೆ.

ಟೆಂಡರ್ ಸಭೆಗಳಲ್ಲಿ, ಪತ್ರಿಕಾಗೋಷ್ಠಿಗಳಲ್ಲಿ ತೋರಿಸುವ ಹೊಸ ನಿಲ್ದಾಣಗಳ ಆನಿಮೇಶನ್‌ಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಕ್ಯಾಮೆರಾ ಹಕ್ಕಿಗಿಂತ ಸಲೀಸಾಗಿ ಗಾಜಿನ ಚಾವಣಿ ದಾಟಿ, ಮರಗಳ ನಡುವೆ ನುಸುಳಿ, ರನ್‌ವೇ ಮೇಲೆ ತೇಲಿ ಹೋಗುತ್ತದೆ. ಆಕಾಶ ಸದಾ ನೀಲಿ. ಯಾವ ಮನುಷ್ಯನೂ ಎಂದೂ ನಿಲ್ಲದ ಜಾಗಗಳಿಂದ ತೆಗೆದ ನೋಟ ಅದು. ಜನವರಿಯ ಬೆಳಗಿನ ಐದು ಗಂಟೆಗೆ, ದೇವನಹಳ್ಳಿಯ ಮಂಜಿನಲ್ಲಿ, ರನ್‌ವೇ ಗೋಚರತೆ 550 ಮೀಟರಿಗಿಂತ ಇಳಿದಾಗ ಟವರಿನ ಕುರ್ಚಿಗೆ ಏನು ಕಾಣುತ್ತದೆ ಎಂದು ಅಂಥ ಒಂದು ಚಿತ್ರವೂ ತೋರಿಸುವುದಿಲ್ಲ. ಆ ಗೋಚರತೆಯನ್ನು ಅಳೆಯುವ ‘ದೃಷ್ಟಿ’ ಉಪಕರಣ ಸಿದ್ಧವಾದದ್ದು ಬೆಂಗಳೂರಿನದೇ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ. ಮಂಜನ್ನು ಅಳತೆಗೆ ತಕ್ಕಂತೆ ಪರದೆಗೆ ತರಲು ಬೇಕಾದ ಅಂಕಿ ನಮ್ಮ ಕೈಯಲ್ಲೇ ಇದೆ.

ಮನುಷ್ಯರನ್ನು ಕೂರಿಸದ ಸಿಮ್ಯುಲೇಶನ್ ಏನನ್ನು ಬಿಟ್ಟುಬಿಡುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ಉದಾಹರಣೆಯಿದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ತಲಾ ನಾಲ್ಕು ಕಿಲೋಮೀಟರ್ ಉದ್ದದ ಎರಡು ಸಮಾನಾಂತರ ರನ್‌ವೇಗಳಿವೆ. 2022ರ ಜನವರಿಯ ಒಂದು ಬೆಳಿಗ್ಗೆ ಉತ್ತರದ್ದು ಹಾರಲು, ದಕ್ಷಿಣದ್ದು ಇಳಿಯಲು ಎಂದು ಬಳಕೆಯಲ್ಲಿತ್ತು. ಪಾಳಿಯ ಉಸ್ತುವಾರಿ ಉತ್ತರದ್ದೊಂದನ್ನೇ ಬಳಸೋಣ ಎಂದು ತೀರ್ಮಾನಿಸಿದರು. ಆ ಮಾತು ದಕ್ಷಿಣದ ನಿಯಂತ್ರಕರಿಗೆ ತಲುಪಲಿಲ್ಲ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೊಂದು ವಿಮಾನಕ್ಕೆ ಹಾರಲು ಒಪ್ಪಿಗೆ ಕೊಟ್ಟರು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಹಾರಿದ ಮೇಲೆ ಎರಡೂ ಒಂದರ ಕಡೆಗೊಂದು ವಾಲತೊಡಗಿದವು. ರೇಡಾರ್ ನೋಡುತ್ತಿದ್ದ ನಿಯಂತ್ರಕರು ಗಮನಿಸಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಉಳಿದರು. ಬಿರುಗಾಲದ ಸಿಮ್ಯುಲೇಶನ್‌ನಲ್ಲಿ ಇದು ಸಾವಿರ ದಿನ ಓಡಿಸಿದರೂ ನಡೆಯುವುದಿಲ್ಲ. ಅಲ್ಲಿನ ನಿಯಂತ್ರಕ ಎಂದೂ ಮರೆಯುವುದಿಲ್ಲ, ಪಕ್ಕದವರಿಗೆ ಹೇಳದೆ ಬಿಡುವುದಿಲ್ಲ. ಪ್ರಯಾಗರಾಜ್‌ನಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜಿನ ಟವರ್ ಸಿಮ್ಯುಲೇಟರ್‌ನಂಥಲ್ಲಿ ನಿಜವಾದ ಜನರನ್ನು ಪಕ್ಕಪಕ್ಕ ಕೂರಿಸಿ, ಪಾಳಿಯ ನಡುವೆ ರನ್‌ವೇ ಬದಲಿಸಿ ನೋಡಿದರೆ ಮಾತ್ರ ಇಂಥ ಬಿರುಕು ಹೊರಗೆ ಬರುತ್ತದೆ.

ಈಗ ಪರದೆಯ ಟವರು ತರಬೇತಿಯನ್ನು ದಾಟಿ ನಿಜವಾದ ಕೆಲಸಕ್ಕೂ ಬಂದಿದೆ. ಸ್ವೀಡನ್ನಿನ ಓರ್ನ್‌ಶೋಲ್ಡ್‌ಸ್ವೀಕ್ ನಿಲ್ದಾಣವನ್ನು 2015ರಿಂದ ಸುಂಡ್ಸ್ವಾಲ್‌ನಲ್ಲಿ ಕೂತು ನಡೆಸುತ್ತಿದ್ದಾರೆ. ಲಂಡನ್ ಸಿಟಿ ನಿಲ್ದಾಣದಲ್ಲಿ 50 ಮೀಟರಿನ ಕಂಬದ ಮೇಲೆ 16 ಕ್ಯಾಮೆರಾಗಳಿವೆ. 2021ರಿಂದ ನಿಯಂತ್ರಕರು ದೂರದ ಸ್ವಾನ್‌ವಿಕ್‌ನಲ್ಲಿ 14 ಪರದೆಗಳ ಮುಂದೆ ಕೂತು ವಿಮಾನ ಇಳಿಸುತ್ತಾರೆ. ನಾಸಾದಲ್ಲಿ ಪರದೆಯ ಮೇಲಿದ್ದುದು ಕಟ್ಟಿದ ಲೋಕ, ಇಲ್ಲಿರುವುದು ನಿಜದ್ದು. ಪಿಕ್ಸೆಲ್ಲಿನ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆಯ ಜಾಗಗಳ ಹೆಸರು ಕೇಳಿಬಂದಿದೆ. ಈ ಊರಿನ ಆಕಾಶವನ್ನು ಈಗಾಗಲೇ ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಹಂಚಿಕೊಂಡಿವೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ ದೇವನಹಳ್ಳಿಯ ವಿಮಾನಗಳು ಗಂಟೆಗಟ್ಟಲೆ ನಿಲ್ಲುವುದು ಪ್ರಯಾಣಿಕರಿಗೆಲ್ಲ ಗೊತ್ತು. ಐದನೆಯ ನಿಲ್ದಾಣದ ಮಾದರಿ ಕಟ್ಟುವವರು ಮೂರು ಕಡೆ ಕ್ಯಾಮೆರಾ ಇಡಬೇಕು. ಒಂದು, ಮಂಜಿನ ಬೆಳಗಿನಲ್ಲಿ ಟವರಿನ ಕುರ್ಚಿಯಲ್ಲಿ. ಇನ್ನೊಂದು, ಎಚ್‌ಎಎಲ್‌ನಿಂದ ಪರೀಕ್ಷಾ ಹಾರಾಟ ನಡೆದಿರುವಾಗ ಏರುತ್ತಿರುವ ವಿಮಾನದ ಕಾಕ್‌ಪಿಟ್‌ನಲ್ಲಿ. ಮೂರನೆಯದು ರನ್‌ವೇ ತುದಿಯಿಂದ ಐದು ಕಿಲೋಮೀಟರ್ ಆಚೆಯ ಹಳ್ಳಿಯ ಅಂಗಳದಲ್ಲಿ, ಇಳಿಯುವ ವಿಮಾನ ತಲೆಯ ಮೇಲೆ ಸುಮಾರು 275 ಮೀಟರ್ ಎತ್ತರದಲ್ಲಿ ಹಾದುಹೋಗುವ ಜಾಗದಲ್ಲಿ. ಜಮೀನಿನ ನೋಟಿಸ್ ಬರುವ ಮೊದಲು ಆ ಮೂರನೆಯ ಚಿತ್ರವನ್ನು ಹಳ್ಳಿಯ ಗ್ರಾಮಸಭೆಯಲ್ಲಿ ತೋರಿಸಲು ಒಂದು ಪ್ರೊಜೆಕ್ಟರ್ ಸಾಕು.